ಹಂಡೆಯ ಕೆಳಗಿನ ಕರಿಕಲ್ಲು

ನಮ್ಮೂರಿನ ಗಂಡಸರ ಕೆನ್ನೆಗಳು ಬಹಳ ಸೂಕ್ಷ್ಮ. ಗದ್ದೆ ಕೆಸರಿನಲ್ಲಿ ಕಾಲಿಗೆ ಗಾಜು ಹೊಕ್ಕರೂ ಸಂಜೆ ಮನೆಗೆ ಬಂದು ಹೆಂಡತಿ ತೋರಿಸಿದ ಮೇಲೆಯೇ ಗೊತ್ತಾಗುವ ಈ ಜನಕ್ಕೆ, ಕ್ಷೌರದ ಕತ್ತಿಯನ್ನು ಯಾವ ಕಲ್ಲಿನ ಮೇಲೆ ಮಸೆದಿದ್ದಾರೆ ಎನ್ನುವುದು ಮಾತ್ರ ಕತ್ತಿ ಮುಟ್ಟಿದ ಕ್ಷಣವೇ ಗೊತ್ತಾಗುತ್ತಿತ್ತು. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು.

ಊರು ಹೊಸಕೊಪ್ಪಲು. ಮಿರ್ಲೆಯಿಂದ ಎರಡು ಮೈಲಿ, ಇನ್ನೂರು ಮನೆ, ನಾಲೆ ನೀರು, ಭತ್ತ. ಇದು 1997ರ ಮಾತು. ಆಗ ಊರಿನಲ್ಲಿ ಎರಡು ಪಕ್ಷಗಳಿದ್ದವು, ರಾಜಕೀಯದ ಪಕ್ಷಗಳನ್ನು ಬಿಟ್ಟು. ಒಂದು ಕರಿಕಲ್ಲಿನ ಪಕ್ಷ, ಇನ್ನೊಂದು ಅಂಗಡಿಕಲ್ಲಿನ ಪಕ್ಷ. ಎರಡರಲ್ಲೂ ಒಳಜಗಳ. ರಿಟೈರಾಗಿದ್ದ ನಿಂಗಯ್ಯ ಮೇಷ್ಟ್ರು, ಕಲ್ಲು ಯಾವುದಾದರೂ ಆಗಲಿ, ಅದಕ್ಕೆ ನೀರೇ ಬಿಡಬೇಕು, ಎಣ್ಣೆ ಬಿಟ್ಟರೆ ಕತ್ತಿ ಸೋಮಾರಿಯಾಗುತ್ತದೆ ಎನ್ನುತ್ತಿದ್ದರು. ಮಿಲಿಟರಿಯಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿ ಬಂದಿದ್ದ ಪುಟ್ಟಮಲ್ಲಪ್ಪ, ಜರ್ಮನಿಯ ಹಳದಿ ಕಲ್ಲು ಕಾಣದವನ ಬಾಳೇ ವ್ಯರ್ಥ ಎನ್ನುತ್ತಿದ್ದ. ಆ ಕಲ್ಲನ್ನು ಅವನೂ ಕಂಡಿರಲಿಲ್ಲ. ಒಬ್ಬ ಸುಬೇದಾರರು ಕಂಡಿದ್ದರಂತೆ. ಇನ್ನು ಕೆಲವು ಮುದುಕರ ಪ್ರಕಾರ ಕಲ್ಲಿನ ಮೇಲೆ ಉಗುಳದೆ ಮಸೆದ ಕತ್ತಿ ಕತ್ತಿಯೇ ಅಲ್ಲ.

ಕರಿಕಲ್ಲು ಪುಟ್ಟಸ್ವಾಮಿಯದು. ಐವತ್ತೆರಡು ವರ್ಷದ ಪುಟ್ಟಸ್ವಾಮಿ ಊರಿನ ಹಳೆಯ ಕ್ಷೌರಿಕ. ಅವನ ಅಜ್ಜನಿಗೆ ಚುಂಚನಕಟ್ಟೆಯಲ್ಲಿ, ನೀರು ಧುಮುಕುವ ಜಾಗದ ಕೆಳಗೆ, ಅಂಗೈ ಅಗಲದ ಒಂದು ನುಣುಪಾದ ಕಪ್ಪು ಚಪ್ಪಡಿ ಸಿಕ್ಕಿತ್ತಂತೆ. ಮೂರು ತಲೆಮಾರಿನ ಕತ್ತಿ ಅದರ ಮೇಲೆ ಓಡಾಡಿ ಮಧ್ಯ ಕೊಂಚ ತಗ್ಗಾಗಿತ್ತು. ಅಂಗಡಿಕಲ್ಲು ಮಾದೇಶನದು. ಕೆ.ಆರ್. ನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೂದು ಬಣ್ಣದ ಇಟ್ಟಿಗೆಯಂಥ ಕಲ್ಲು. ಒಂದು ಮಗ್ಗುಲು ತರಿ, ಇನ್ನೊಂದು ಮಗ್ಗುಲು ನಯ. ಮಾದೇಶ ಬೇರೆ ಯಾರೂ ಅಲ್ಲ, ಪುಟ್ಟಸ್ವಾಮಿಯ ಹೆಂಡತಿ ಸಾಕಮ್ಮನ ತಮ್ಮ. ಎಚ್.ಡಿ. ಕೋಟೆ ಕಡೆಯ ಅಂತರಸಂತೆಯಿಂದ ಭಾವನ ಹತ್ತಿರ ಕೆಲಸ ಕಲಿಯಲು ಬಂದವನು, ಕಲಿತ ಮೇಲೆ ಹೋಗದೆ ಭಾವನ ಎದುರಿಗೇ ಒಂದು ಕುರ್ಚಿ ಹಾಕಿಕೊಂಡಿದ್ದ.

ಭಾವ ಮೈದುನ ಇಬ್ಬರೂ ಬಸ್ ನಿಲ್ಲುವ ಹೊಂಗೆಮರದ ಆಚೆಗೊಂದು ಈಚೆಗೊಂದು ತಗಡಿನ ಚಾವಣಿ ಕಟ್ಟಿಕೊಂಡು ದಿನವಿಡೀ ಒಬ್ಬರನ್ನೊಬ್ಬರು ಬೈದುಕೊಂಡು ಸುಖವಾಗಿದ್ದರು.

"ಅದ್ರಲ್ಲಿ ಕುಡ್ಗೋಲು ಮಸಿಯೋಗ್ಲಾ," ಎನ್ನುವನು ಪುಟ್ಟಸ್ವಾಮಿ.

"ನಿಮ್ ಕಲ್ಲಲ್ಲಿ ಬಟ್ಟೆ ಒಗೀರಿ ಭಾವ, ಕೊಳೆ ಚೆನ್ನಾಗೋಯ್ತದೆ," ಎನ್ನುವನು ಮಾದೇಶ.

ಈಗ ಒಂದು ಗುಟ್ಟು. ಪುಟ್ಟಸ್ವಾಮಿಯ ಹತ್ತಿರ ಕರಿಕಲ್ಲು ಇರಲಿಲ್ಲ. ಇಲ್ಲದೆ ಮೂರು ವರ್ಷವಾಗಿತ್ತು.

ಆದದ್ದು ಇಷ್ಟೇ. ಬಚ್ಚಲಿನ ನೀರೊಲೆಯ ಮೇಲೆ ಹಂಡೆ ಅಲ್ಲಾಡುತ್ತದೆ, ಒಂದು ಕಡೆಗೆ ಏನಾದರೂ ಒತ್ತುಕೊಡು ಎಂದು ಸಾಕಮ್ಮ ಗಂಡನಿಗೆ ಒಂದು ತಿಂಗಳು ಹೇಳಿದಳು. ಅವನು ಊರಿನವರಿಗೆ ಕಲ್ಲಿನ ಮಹಿಮೆ ಹೇಳುವುದರಲ್ಲಿ ಪುರುಸೊತ್ತಿಲ್ಲದೆ ಇದ್ದ. ಕೊನೆಗೆ ಅವಳೇ ಕೈಗೆ ಸಿಕ್ಕಿದ ಚಪ್ಪಟೆ ಕಲ್ಲನ್ನು ಹಂಡೆಯ ಕೆಳಗೆ ಒತ್ತಿದಳು. ಅಳತೆ ಹೇಳಿ ಮಾಡಿಸಿದ ಹಾಗಿತ್ತು. ತೆಂಗಿನ ಮಟ್ಟೆಯ ಉರಿಗೆ ಎರಡನೇ ದಿನ ಕಲ್ಲು ಠಪ್ ಎಂದು ಎರಡು ಹೋಳಾಯಿತು. ಮೂರು ತಲೆಮಾರಿನ ಸೊತ್ತು. ಪುಟ್ಟಸ್ವಾಮಿ ಬಚ್ಚಲ ಬಾಗಿಲಲ್ಲಿ ನಿಂತು ಬಾಯಿ ತೆರೆದ. ಹಂಡೆಗೆ ಒತ್ತು ಕೊಡದವನು ತಾನೇ ಎಂದು ನೆನಪಾಗಿ ಮುಚ್ಚಿದ.

ಮಾರನೇ ದಿನ ಕೆ.ಆರ್. ನಗರಕ್ಕೆ ಹೋಗಿ ಮೈದುನ ಕೊಂಡ ಅಂಗಡಿಯಲ್ಲೇ, ಮೈದುನ ಕೊಂಡಂಥದೇ ಬೂದು ಕಲ್ಲೊಂದನ್ನು ಕೊಂಡು, ಬನಿಯನ್ನಿನೊಳಗೆ ಇಟ್ಟುಕೊಂಡು ಬಂದ. ಅದಕ್ಕೆ ಕೆಂಪು ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ಅಂದಿನಿಂದ ಹೊಸ ನಿಯಮ: ಕರಿಕಲ್ಲನ್ನು ಕಂಡವರ ಕಣ್ಣಿಗೆ ಬೀಳಿಸಬಾರದು, ಮನೆಯಲ್ಲಿ ಬಾಗಿಲು ಹಾಕಿಕೊಂಡೇ ಮಸೆಯಬೇಕು. ಅಜ್ಜ ಕನಸಿನಲ್ಲಿ ಬಂದು ಹೇಳಿದ ಎಂದ. ಮೂವತ್ತು ವರ್ಷ ಮರದ ಕೆಳಗೆ ಎಲ್ಲರ ಮುಂದೆ ಮಸೆದವನಿಗೆ ಅಜ್ಜ ಇಷ್ಟು ತಡವಾಗಿ ಏಕೆ ಹೇಳಿದ ಎಂದು ಒಬ್ಬನೂ ಕೇಳಲಿಲ್ಲ. ಬದಲಿಗೆ ಕಲ್ಲಿನ ಬೆಲೆ ಇನ್ನೂ ಏರಿತು. "ಈಗೀಗ ಕತ್ತಿ ಇನ್ನೂ ಒಂದ್ ಕೈ ಮೇಲು ಕಣ್ಲಾ ಪುಟ್ಟ," ಎಂದರು.

ಹಾಗಂದವರು ದೊಡ್ಡಬೀರಯ್ಯನವರು, ಊರಿನ ಯಜಮಾನರು. ಕರಿಕಲ್ಲಿನ ಪಕ್ಷದ ನಾಯಕರೂ ಅವರೇ. ಪಂಚಾಯಿತಿ ಸದಸ್ಯೆ ಅವರ ಸೊಸೆ ಶಾಂತಲಾ. ಕಾಗದದ ಮೇಲೆ ಸೊಸೆ, ಕುರ್ಚಿಯ ಮೇಲೆ ಮಾವ. ಅವಳ ಕೆಲಸ ಸಭೆಯ ಪುಸ್ತಕ ಮನೆಗೆ ಬಂದಾಗ ಕೈ ಒರೆಸಿಕೊಂಡು ಸಹಿ ಹಾಕುವುದು.

ಆ ವರ್ಷ ರಸ್ತೆ ಅಗಲ ಮಾಡಲು ಹೊಂಗೆಮರಕ್ಕೆ ಸುಣ್ಣದ ಗುರುತು ಹಾಕಿದರು. ಎರಡು ತಗಡೂ ಹೋಗಬೇಕು. ಪಂಚಾಯಿತಿ ಸ್ಕೂಲಿನ ಕಾಂಪೌಂಡಿಗೆ ಅಂಟಿಕೊಂಡಂತೆ ನಾಲ್ಕು ಮಳಿಗೆ ಕಟ್ಟಿಸಿತ್ತು. ಅದರಲ್ಲಿ ಕ್ಷೌರಕ್ಕೆ ಒಂದು. ಒಂದೇ. ಮಳಿಗೆ ಸಿಗದವನು ಊರು ಬಿಡಬೇಕು, ಇಲ್ಲವೇ ಹಿಂದಿನವರ ಹಾಗೆ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆ ಮನೆಗೆ ಹೋಗಿ, ಜಗಲಿ ಹತ್ತದೆ, ಕೆಳಗೆ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಬೇಕು. ಪುಟ್ಟಸ್ವಾಮಿಯ ಅಪ್ಪ ಸಾಯುವವರೆಗೂ ಹಾಗೇ ಮಾಡಿದ್ದ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನಿಂತು, ಅವನ ತಲೆಯನ್ನು ತನಗೆ ಬೇಕಾದ ಕಡೆಗೆ ತಿರುಗಿಸುವ ಸುಖ ಒಮ್ಮೆ ಕಂಡ ಮೇಲೆ ಪುಟ್ಟಸ್ವಾಮಿ ಮತ್ತೆ ಮಣ್ಣಿಗೆ ಇಳಿಯಲಾರ. ಆ ಮಳಿಗೆ ಅವನಿಗೆ ಬೇಕೇ ಬೇಕಿತ್ತು.

ಚೀಟಿ ಎತ್ತಬಹುದಿತ್ತು. ಆದರೆ ಚೀಟಿ ಎತ್ತಿದರೆ ಯಜಮಾನರು ಏಕೆ ಬೇಕು?

"ಕಲ್ಲೇ ತೀರ್ಮಾನ ಮಾಡ್ಲಿ," ಎಂದರು ದೊಡ್ಡಬೀರಯ್ಯನವರು. "ನನ್ನ ಕಣ್ಣು ಕಟ್ಟಿ. ಒಂದು ಕೆನ್ನೆ ಅವ್ನು, ಒಂದು ಕೆನ್ನೆ ಇವ್ನು. ಯಾವ ಕಲ್ಲು ಮೇಲು ಅಂತ ನಾನ್ ಯೋಳ್ತೀನಿ. ಆ ಕಲ್ಲಿನೋನ್ಗೆ ಮಳಿಗೆ."

ನಿಂಗಯ್ಯ ಮೇಷ್ಟ್ರಿಗೆ ವಿಜ್ಞಾನ ಕಲಿಸಿದ ಅಭ್ಯಾಸ. "ಯಜಮಾನ್ರೇ, ಎರಡು ಕೆನ್ನೆಗೂ ಒಬ್ಬನದೇ ಕೈ ಇರಬೇಕು. ಇಲ್ಲದಿದ್ರೆ ಕೈನ ಗುಣ ಯಾವ್ದು, ಕಲ್ಲಿನ ಗುಣ ಯಾವ್ದು ಗೊತ್ತಾಗೋದು ಹೆಂಗೆ?"

"ಕೈ ಯಾರದಾದ್ರೇನು ಮೇಷ್ಟ್ರೇ? ನಾನು ಯೋಳೋದು ಕಲ್ಲನ್ನ."

ವಿಜ್ಞಾನ ಅಲ್ಲಿಗೆ ಮುಗಿಯಿತು.

ದಿನ ಗೊತ್ತು ಮಾಡುವುದೂ ಸುಲಭವಿರಲಿಲ್ಲ. ಸೋಮವಾರ ದೇವರ ವಾರ, ಮಂಗಳವಾರ ಶುಕ್ರವಾರ ಗಡ್ಡಕ್ಕೆ ಕತ್ತಿ ಮುಟ್ಟಿಸುವ ಹಾಗಿಲ್ಲ, ಶನಿವಾರ ಯಜಮಾನರ ಮನೆಗೆ ಆಗಿಬರುವುದಿಲ್ಲ, ಗುರುವಾರ ಅವರ ತಾಯಿ ತೀರಿಕೊಂಡ ವಾರ, ಭಾನುವಾರ ಎರಡು ಕುರ್ಚಿಗೂ ಬಿಡುವಿಲ್ಲ. ಕೊನೆಗೆ ಬುಧವಾರ ಎಂದಾಯಿತು. ನಾಲ್ಕು ದಿನದ ಗಡ್ಡವನ್ನು ಊರಿನ ಖರ್ಚಿನಲ್ಲಿ ಬೆಳೆಸಿದವರಂತೆ ಯಜಮಾನರು ಎರಡು ಬೀದಿಯಲ್ಲೂ ತೋರಿಸಿಕೊಂಡು ಓಡಾಡಿದರು.

ಮಂಗಳವಾರ ಮಧ್ಯಾಹ್ನ ಮಾದೇಶ ಅಕ್ಕನ ಮನೆಗೆ ಊಟಕ್ಕೆ ಬಂದ. ಹುರುಳಿ ಬಸ್ಸಾರು ಮಾಡಿದ ದಿನ ಅವನು ತಪ್ಪಿಸುತ್ತಿರಲಿಲ್ಲ. ಭಾವ ಒಳಕೋಣೆಯ ಬಾಗಿಲು ಹಾಕಿಕೊಂಡು ಪರಪರ ಮಸೆಯುತ್ತಿದ್ದುದು ನಡುಮನೆಗೆ ಕೇಳುತ್ತಿತ್ತು.

"ಅಕ್ಕ, ಭಾವನ ಕರಿಕಲ್ಲಿನ ಸದ್ದು ನನ್ ಕಲ್ಲಿನ ಸದ್ದಿನಂಗೇ ಅದಲ್ಲ?" ಎಂದ, ಮುದ್ದೆ ಮುರಿಯುತ್ತ.

"ಉಣ್ಣೋವಾಗ ಉಣ್ಣು," ಎಂದಳು ಸಾಕಮ್ಮ.

ಬುಧವಾರ ಬೆಳಿಗ್ಗೆ ಯಜಮಾನರ ಮನೆಯ ಮುಂದೆ ಜಾಗವಿರಲಿಲ್ಲ. ನೀರಿನ ಸರದಿ ಬಿಟ್ಟು ಬಂದವರಿದ್ದರು. ಜಗಲಿಯ ಕೆಳಗೆ ಕುರ್ಚಿ ಹಾಕಿ, ಯಜಮಾನರ ಕಣ್ಣಿಗೆ ಅವರದೇ ಟವಲ್ಲನ್ನು ಬಿಗಿದು ಕಟ್ಟಿದರು. ಯಾರು ಮೊದಲು ಎಂದು ಮೇಷ್ಟ್ರು ನಾಣ್ಯ ಚಿಮ್ಮಿ, ಮಾತಾಡದೆ ಪುಟ್ಟಸ್ವಾಮಿಗೆ ಕೈಸನ್ನೆ ಮಾಡಿದರು. ಕೆಮ್ಮಬಾರದು, ಗಂಟಲು ಸರಿಮಾಡಿಕೊಳ್ಳಬಾರದು ಎಂದು ಮೊದಲೇ ಕಟ್ಟಪ್ಪಣೆಯಾಗಿತ್ತು.

ಪುಟ್ಟಸ್ವಾಮಿ ಬಲಗೆನ್ನೆಗೆ ಸೋಪು ಹಚ್ಚಿದ. ಕತ್ತಿಯನ್ನು ಚರ್ಮದ ಪಟ್ಟಿಗೆ ನಾಲ್ಕು ಸಲ ತೀಡಿದ. ಕತ್ತಿ ಒಳ್ಳೆಯದೇ, ಕೈಯೂ ಒಳ್ಳೆಯದೇ. ಬಲಗೆನ್ನೆ ಒಂದು ನಿಮಿಷದಲ್ಲಿ ಹೊರಬಂತು. ಯಜಮಾನರು ಅದನ್ನು ಬೆರಳಿನಿಂದ ಸವರಿಕೊಂಡರು. ಮೂಗಿನಿಂದ ಉಸಿರು ಬಿಟ್ಟರು.

"ಉರಿ," ಎಂದರು. "ಹಾರ್ಡ್‌ವೇರ್ ಅಂಗಡಿ ನಾತ ಹೊಡೀತದೆ. ಇದು ಅಂಗಡಿಕಲ್ಲು."

ಪುಟ್ಟಸ್ವಾಮಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮೂರು ವರ್ಷದಲ್ಲಿ ಮೊದಲ ಸಲ ಯಜಮಾನರು ನಿಜ ಹೇಳಿದ್ದರು. ಗುಟ್ಟು ಹೋಯಿತು, ಮಳಿಗೆ ಹೋಯಿತು, ಮರ್ಯಾದೆಯೂ ಹೋಯಿತು ಎಂದುಕೊಂಡು ಅವನು ಹೆಂಗಸರ ಗುಂಪಿನಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ಅವಳು ಆಕಾಶ ನೋಡುತ್ತಿದ್ದಳು.

ಮಾದೇಶನ ಸರದಿ. ಎಡಗೆನ್ನೆ. ಹುಡುಗು ಕೈ, ಸ್ವಲ್ಪ ಅವಸರ, ಆದರೆ ಗಾಯವಿಲ್ಲ. ಯಜಮಾನರ ಮುಖ ಅರಳಿತು.

"ಆಹಾ! ಇದು ಕಣ್ರೋ. ಹೊಳೆ ತಂಪು. ಚುಂಚನಕಟ್ಟೆ ನೀರೇ ಕೆನ್ನೆ ಮೇಲೆ ಅರಿದಂಗಾಯ್ತು. ಇದು ಕರಿಕಲ್ಲು. ಮಳಿಗೆ ಕರಿಕಲ್ಲಿಗೆ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಜಮಾನರು ಟವಲ್ ಬಿಚ್ಚಿಕೊಂಡು ನೋಡಿದರೆ ಎಡಗಡೆ ಕತ್ತಿ ಹಿಡಿದು ನಿಂತಿದ್ದವನು ಮಾದೇಶ.

ಯಜಮಾನರ ಕೆನ್ನೆ ತಪ್ಪಿತು ಎಂದು ಹೇಳುವುದಕ್ಕೆ ಬಾಯಿ ಬೇಕು. ಬಾಯಿ ಇದ್ದವರಿಗೆಲ್ಲ ಯಜಮಾನರ ಗದ್ದೆ ದಾಟಿಯೇ ನೀರು ಬರಬೇಕು. ದೊಡ್ಡಬೀರಯ್ಯನವರು ಮಾದೇಶನನ್ನು ನೋಡಿದರು, ಪುಟ್ಟಸ್ವಾಮಿಯನ್ನು ನೋಡಿದರು, ಎರಡೂ ಕೆನ್ನೆ ಮತ್ತೊಮ್ಮೆ ಸವರಿಕೊಂಡರು. ಆಮೇಲೆ ಹುಬ್ಬು ಗಂಟಿಕ್ಕಿದರು. ಕೆನ್ನೆ ತಪ್ಪುವುದಿಲ್ಲ. ಹಾಗಾದರೆ ಬೇರೆ ಯಾರೋ ತಪ್ಪು ಮಾಡಿರಬೇಕು.

"ಏನ್ಲಾ ಮಾದೇಶ, ನಿನ್ ಕತ್ತೀನ ನಿಮ್ ಭಾವನ ಕಲ್ಲಲ್ಲಿ ಮಸ್ದಿದ್ದೀಯಾ?"

"ನಾನ್ಯಾಕೆ ಮಸೀಲಿ ಯಜಮಾನ್ರೇ? ಆ ಕಲ್ಲನ್ನ ನಾನು ಕಣ್ಣಲ್ಲಿ ನೋಡಿ ಮೂರು ವರ್ಸ ಆಯ್ತು."

"ನಿನ್ನೆ ಮಧ್ಯಾಹ್ನ ಇವ್ನು ಅವ್ರ್ ಮನೆಗೆ ಓಗಿದ್ದ," ಎಂದ ಪುಟ್ಟಮಲ್ಲಪ್ಪ. "ನಾನೇ ನೋಡ್ದೆ. ಬರೋವಾಗ ಬಾಯಿ ಒರೆಸ್ಕೊಂಡು ಬಂದ."

"ಬಸ್ಸಾರು ಉಣ್ಣಕ್ ಓಗಿದ್ದೆ ಕಣಣ್ಣ!"

"ಅಂಗೇ ಅಂತಾರೆ ಎಲ್ರೂವೆ," ಎಂದ ಪುಟ್ಟಮಲ್ಲಪ್ಪ.

ಯಜಮಾನರಿಗೆ ಈಗ ಎಲ್ಲ ಸ್ಪಷ್ಟವಾಯಿತು. ಮೈದುನ ಭಾವನ ಕಲ್ಲಿನಲ್ಲಿ ಕದ್ದು ಮಸೆದ. ಆಮೇಲೆ ಭಾವನ ಕತ್ತಿಯನ್ನು ತನ್ನ ಅಂಗಡಿಕಲ್ಲಿಗೆ ನಾಲ್ಕು ಸಲ ಉಜ್ಜಿ ಕೆಡಿಸಿ ಇಟ್ಟ. ಅದಕ್ಕೇ ಬಲಗೆನ್ನೆ ಉರಿ, ಎಡಗೆನ್ನೆ ತಂಪು. ಇಷ್ಟು ಅಚ್ಚುಕಟ್ಟಾದ ವಿವರಣೆಯನ್ನು ಮೇಷ್ಟ್ರೂ ಇಡೀ ಸರ್ವೀಸಿನಲ್ಲಿ ಕೊಟ್ಟಿರಲಿಲ್ಲ. ಅವರೂ ತಲೆಯಾಡಿಸಿದರು. ತೀರ್ಪು ಅಲ್ಲೇ ಆಯಿತು: ಮಳಿಗೆ ಪುಟ್ಟಸ್ವಾಮಿಗೆ; ಮಾದೇಶ ಇನ್ನು ಮೇಲೆ ಈ ಊರಿನ ಯಾವ ಗಡ್ಡಕ್ಕೂ ಕೈ ಹಾಕುವ ಹಾಗಿಲ್ಲ.

"ಭಾವ, ನೀವಾದ್ರೂ ಯೋಳಿ," ಎಂದ ಮಾದೇಶ. "ಆ ಕಲ್ಲು ತನ್ನಿ ಇಲ್ಲಿ. ಎಲ್ರೂ ನೋಡ್ಲಿ. ನಾನ್ ಮಸ್ದಿದ್ರೆ ಗುರುತು ಇರ್ತದಲ್ವಾ?"

ಪುಟ್ಟಸ್ವಾಮಿ ಕತ್ತಿ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಸಾಕಮ್ಮ ಗುಂಪು ಬಿಟ್ಟು ಮನೆಯ ಕಡೆ ಹೊರಟಳು. ಎರಡು ನಿಮಿಷಕ್ಕೆ ಸೆರಗಿನಲ್ಲಿ ಏನೋ ಹಿಡಿದು ಬಂದಳು. ಯಜಮಾನರ ಕಾಲ ಬಳಿ ಇಟ್ಟಳು. ಮಸಿ ಹಿಡಿದ, ಅರ್ಧ ಮುರಿದ, ಮುರಿದ ಕಡೆಗೆ ತಗ್ಗಾಗಿದ್ದ ಒಂದು ಕಲ್ಲು. ಇನ್ನೂ ಬಿಸಿಯಿತ್ತು.

"ಇದೇ ಸ್ವಾಮಿ ನಿಮ್ ಕರಿಕಲ್ಲು," ಎಂದಳು. "ಮೂರು ವರ್ಸದಿಂದ ನಮ್ ಹಂಡೆ ಕೆಳಗದೆ. ಇನ್ನರ್ಧ ಪುಡಿಯಾಗೋಯ್ತು. ಈವಯ್ಯ ಮಸಿಯೋದೂ ಅಂಗಡಿಕಲ್ಲಲ್ಲೇ, ನನ್ ತಮ್ಮ ಮಸಿಯೋದೂ ಅಂಗಡಿಕಲ್ಲಲ್ಲೇ. ನಿಮ್ ಎರಡೂ ಕೆನ್ನೆಗೆ ಬಿದ್ದಿರೋದು ಒಂದೇ ಅಂಗ್ಡಿ ಮಾಲು."

ಯಜಮಾನರು ಬಗ್ಗಿ ಕಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು. ಹೆಬ್ಬೆರಳಿಗೆ ಮಸಿ ಹತ್ತಿತು.

"ಒಲೆಕಲ್ಲು ತಂದು ನನಗೇ ತೋರಿಸ್ತೀಯೇನಮ್ಮ? ಕರಿಕಲ್ಲು ಯಾವ್ದು, ಒಲೆಕಲ್ಲು ಯಾವ್ದು ಅಂತ ನನಗ್ ಗೊತ್ತಾಗಕಿಲ್ವಾ? ತಮ್ಮನ್ನ ಉಳಿಸ್ಕಳಕ್ಕೆ ಗಂಡನ ಮಾನಾನೇ ಕಳೀತಿದ್ದೀಯಲ್ಲ." ಅವರು ಕಲ್ಲನ್ನು ಎತ್ತಿ, ಕೊಟ್ಟಿಗೆಯ ಪಕ್ಕದ ತಿಪ್ಪೆಗೆ ಎಸೆದರು. ಎಸೆದ ರೀತಿ ಚೆನ್ನಾಗಿತ್ತು. ಕೆಲವರು ನಕ್ಕರು.

ಈಗ ಸಾಕಮ್ಮ ಗಂಡನನ್ನು ನೋಡಿದಳು. ಆಕಾಶವನ್ನಲ್ಲ, ಗಂಡನನ್ನೇ. ಊರೂ ನೋಡಿತು.

ಪುಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡ. "ಅವ್ಳು ಯೋಳೋದು ದಿಟ ಯಜಮಾನ್ರೇ," ಎಂದ. ಮುಂದಿನ ಸಾಲಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಕಲ್ಲು ಒಡೆದೋಗಿ ಮೂರು ವರ್ಸ ಆಯ್ತು. ಮಾದೇಶ ಏನೂ ಮಾಡಿಲ್ಲ."

ದೊಡ್ಡಬೀರಯ್ಯನವರ ಕಣ್ಣು ತುಂಬಿ ಬಂತು. ಕುರ್ಚಿಯಿಂದ ಎದ್ದು ಪುಟ್ಟಸ್ವಾಮಿಯ ಹೆಗಲಿನ ಮೇಲೆ ಕೈ ಇಟ್ಟರು. ಐವತ್ತೆರಡು ವರ್ಷದಲ್ಲಿ ಆ ಹೆಗಲನ್ನು ಯಜಮಾನರ ಮನೆಯ ಯಾರೂ ಮುಟ್ಟಿರಲಿಲ್ಲ.

"ನೋಡ್ರಪ್ಪ," ಎಂದರು ಊರಿನ ಕಡೆ ತಿರುಗಿ. "ಕದ್ದೋನ್ನ ಉಳಿಸಕ್ಕೆ ತನ್ನ ಕಲ್ಲೇ ಇಲ್ಲ ಅಂತಾವ್ನೆ. ಎಂಥಾ ಮನ್ಸ! ಇಂಥೋನ್ಗೆ ಮಳಿಗೆ ಕೊಡ್ದೆ ಇನ್ಯಾರಿಗ್ ಕೊಡಾನ?"

ಈಗ ಚಪ್ಪಾಳೆ ಬಿತ್ತು.

ಪುಟ್ಟಸ್ವಾಮಿ ಎರಡನೇ ಸಲ ಹೇಳಲಿಲ್ಲ. ಒಂದು ಸಲ ಹೇಳಿದ್ದಾಯಿತಲ್ಲ. ಹೆಗಲಿನ ಮೇಲಿನ ಕೈ ಭಾರವಾಗಿತ್ತು, ಬೆಚ್ಚಗಿತ್ತು. ಇನ್ನೊಂದು ಸಲ ಬಾಯಿ ಬಿಟ್ಟರೆ ಅದು ಎಲ್ಲಿ ಸರಿದುಹೋಗುತ್ತದೋ ಎಂದು ಅವನು ಅಲ್ಲಾಡದೆ ನಿಂತ. ಜಗಲಿಯ ಕಂಬದ ಹಿಂದಿನಿಂದ ಶಾಂತಲಾ ಇದೆಲ್ಲವನ್ನೂ ನೋಡಿದಳು. ಸಂಜೆ ಪುಸ್ತಕ ಬಂದಾಗ, "ಮಾವ, ಆ ಕಲ್ಲಲ್ಲಿ ಕತ್ತಿ ಓಡಾಡಿದ ತಗ್ಗಿತ್ತಲ್ಲ?" ಎಂದು ಕೇಳಿದಳಂತೆ. "ಸಹಿ ಹಾಕಮ್ಮ," ಎಂದರಂತೆ ಮಾವ.

ಮಾದೇಶ ಅಂದೇ ಮಧ್ಯಾಹ್ನದ ಬಸ್ಸಿಗೆ ಹುಣಸೂರಿಗೆ ಹೊರಟ. ಕುರ್ಚಿಯನ್ನು ಬಸ್ಸಿನ ಮೇಲೆ ಹಾಕಿಸಿದ, ಕಲ್ಲನ್ನು ಚೀಲದಲ್ಲಿಟ್ಟುಕೊಂಡ. ಸಾಕಮ್ಮ ಉಳಿದಿದ್ದ ಬಸ್ಸಾರನ್ನು ಡಬ್ಬಿಗೆ ಹಾಕಿಕೊಟ್ಟಳು. ಭಾವ ಬೀಳ್ಕೊಡಲು ಬರಲಿಲ್ಲ. ಅವನಿಗೆ ಮಳಿಗೆಯ ಬೀಗದ ಕೈ ತೆಗೆದುಕೊಳ್ಳುವುದಿತ್ತು.

ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದು ನೋಡಿದರೆ, ಪೆಟ್ಟಿಗೆಯ ಮೇಲೆ ಕೆಂಪು ಬಟ್ಟೆ ಮಡಿಸಿ ಇಟ್ಟಿತ್ತು. ಒಳಗೆ ಕಲ್ಲಿಲ್ಲ. ಬಚ್ಚಲಿನಲ್ಲಿ ನೀರೊಲೆ ಧಗಧಗ ಉರಿಯುತ್ತಿತ್ತು. ಹಂಡೆಯ ಕೆಳಗೆ, ಹಳೆಯ ಒತ್ತು ತೆಗೆದ ಜಾಗದಲ್ಲಿ, ಬೂದು ಬಣ್ಣದ ಅಂಗಡಿಕಲ್ಲು ಆಗಲೇ ಕಪ್ಪಗಾಗುತ್ತಿತ್ತು.

"ಏನ್ ಮಾಡ್ದೆ? ನಾನು ಇನ್ಮುಂದೆ ಯಾತರಲ್ಲಿ ಮಸೀಲಿ?" ಎಂದು ಕೂಗಿದ.

ಸಾಕಮ್ಮ ಒಲೆಗೆ ಇನ್ನೊಂದು ಮಟ್ಟೆ ತಳ್ಳಿದಳು. "ಕರಿಕಲ್ಲಲ್ಲಿ ಮಸಿ. ಅದೆ ಅಂತ ಊರೇ ಯೋಳ್ತಲ್ಲ."

ಮಳಿಗೆಯ ಪೂಜೆ ಭಾನುವಾರವೇ. ಮಧ್ಯೆ ಮೂರು ದಿನ. ಕೆ.ಆರ್. ನಗರಕ್ಕೆ ಹೋಗಿ ಇನ್ನೊಂದು ಕಲ್ಲು ತರೋಣವೆಂದು ಅವನು ಎರಡು ಸಲ ಬಸ್ಸು ಹತ್ತಿದ. ಎರಡು ಸಲವೂ ಊರಿನವರೇ ಸೀಟು ಬಿಟ್ಟುಕೊಟ್ಟು, "ಎಲ್ಲೀಗ್ ಪುಟ್ಟಸ್ವಾಮಣ್ಣ?" ಎಂದು ಜೊತೆಗೇ ಬಂದರು. ಇಂಥ ದೊಡ್ಡ ಮನುಷ್ಯ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತುವುದು ಹೇಗೆ? ಎರಡು ಸಲವೂ ಒಂದು ಡಜನ್ ಬಾಳೆಹಣ್ಣು ಕೊಂಡು ವಾಪಸ್ಸು ಬಂದ. ಶನಿವಾರ ಯಜಮಾನರ ತಿಪ್ಪೆಯಲ್ಲಿ ಕೋಲು ಹಿಡಿದು ಕೆದಕುತ್ತಿದ್ದಾಗ ನಿಂಗಯ್ಯ ಮೇಷ್ಟ್ರು ಕಂಡರು.

"ಏನು ಹುಡುಕ್ತಿದ್ದೀಯಪ್ಪ?"

"ಕಲ್ಲು, ಮೇಷ್ಟ್ರೇ."

"ನಿನ್ ಕಲ್ಲು ಮನೇಲದಲ್ಲಯ್ಯ!" ಎಂದು ನಕ್ಕು ಮೇಷ್ಟ್ರು ಹೋದರು. ತಿಪ್ಪೆಯನ್ನು ಗುರುವಾರವೇ ಗಾಡಿಗೆ ತುಂಬಿ ಗದ್ದೆಗೆ ಹೊಡೆದಿದ್ದರು.

ಭಾನುವಾರ ಶಾಂತಲಾ ಟೇಪು ಕತ್ತರಿಸಿದಳು. ಬೋರ್ಡಿನ ಮೇಲೆ ಪೇಂಟರು 'ಕರಿಕಲ್ಲು ಹೇರ್ ಕಟಿಂಗ್ ಸಲೂನ್' ಎಂದು ಕೆಂಪಕ್ಷರದಲ್ಲಿ ಬರೆದಿದ್ದ. ಮೊದಲ ಗಿರಾಕಿ ದೊಡ್ಡಬೀರಯ್ಯನವರು. ಅವರು ಕುರ್ಚಿಯಲ್ಲಿ ಕೂತು ಕತ್ತು ಮೇಲೆತ್ತಿದರು. ಪುಟ್ಟಸ್ವಾಮಿ ನಿಂತಿದ್ದ, ಹೊಸ ಕನ್ನಡಿ, ತಲೆಯ ಮೇಲೆ ಫ್ಯಾನು, ಅವನು ಬೇಡಿಕೊಂಡದ್ದೆಲ್ಲ ಇತ್ತು. ಬುಧವಾರದಿಂದ ಕಲ್ಲು ಕಾಣದ ಕತ್ತಿ. ಅದರಲ್ಲೇ ಶುಕ್ರವಾರ ಬಿಟ್ಟು ಮಿಕ್ಕ ದಿನ ನಲವತ್ತು ಗಡ್ಡ ತೆಗೆದಿದ್ದ. ಚರ್ಮದ ಪಟ್ಟಿಗೆ ನಾಲ್ಕು ಸಲದ ಜಾಗದಲ್ಲಿ ನಲವತ್ತು ಸಲ ತೀಡಿ, ಯಜಮಾನರ ಗಂಟಲಿನ ಹತ್ತಿರ ಇಟ್ಟು ಎಳೆದ.

ಕೂದಲು ಬರಲಿಲ್ಲ, ಚರ್ಮ ಬಂತು. ಇನ್ನೊಮ್ಮೆ ಎಳೆದ. ಯಜಮಾನರ ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುಡಿದವು. ಕುರ್ಚಿಯ ಕೈ ಕಿರ್ರೆಂದಿತು. ಬಾಗಿಲ ತುಂಬ ಊರು ನಿಂತು ನೋಡುತ್ತಿತ್ತು.

"ಎಂಗದೆ ಯಜಮಾನ್ರೇ?" ಎಂದು ಪುಟ್ಟಮಲ್ಲಪ್ಪ ಕೇಳಿದ.

ದೊಡ್ಡಬೀರಯ್ಯನವರ ಎರಡೂ ಕಣ್ಣಿನಿಂದ ನೀರು ಇಳಿದು ಸೋಪಿನ ನೊರೆಯಲ್ಲಿ ಸೇರುತ್ತಿತ್ತು. ಅವರು ಹಲ್ಲು ಕಚ್ಚಿಕೊಂಡು ಕನ್ನಡಿಯಲ್ಲಿ ಊರನ್ನು ನೋಡಿದರು.

"ಹೊಳೆ ತಂಪು," ಎಂದರು.

ಪುಟ್ಟಸ್ವಾಮಿ ಪಟಿಕ ತೆಗೆದು ನೀರಿನಲ್ಲಿ ಅದ್ದಿ, ರಕ್ತ ಬಂದ ಕಡೆಗೆಲ್ಲ ಒತ್ತಿದ. ಆಮೇಲೆ ಯಜಮಾನರ ತಲೆಯನ್ನು, ತನಗೆ ಬೇಕಾದ ಹಾಗೆ, ಇನ್ನೊಂದು ಕೆನ್ನೆಯ ಕಡೆಗೆ ತಿರುಗಿಸಿದ.